ಬ್ರೇಕು ಗಟ್ಟಿಯಾಯಿತೇ? ಗಾಡಿಯ ಮಾತು ಕೇಳಿ

(ಕಲಿಕಾ ಕೇಂದ್ರದ ಸಂಜೆ ಕೂಟದಲ್ಲಿ ಮಹಿಳಾ ಸಂಘದವರು ಆಡಿದ ಮಾತು)

ಅಕ್ಕಂದಿರೇ, ತಂಗಿಯರೇ, ತಾಯಂದಿರೇ,



ಇವತ್ತು ನಾವು ಪಿಕಪ್ ಗಾಡಿಯ ಬ್ರೇಕಿನ ಬಗ್ಗೆ ಮಾತಾಡಲು ಬಂದಿದ್ದೇವೆ. "ಅಯ್ಯೋ, ಅದು ಗಂಡಸರ ಮಾತು. ನಮಗ್ಯಾಕೆ?" ಅಂತ ಕೆಲವರು ನಗಬಹುದು. ನಗಿ, ಪರವಾಗಿಲ್ಲ. ಆದರೆ ಸ್ವಲ್ಪ ಯೋಚನೆ ಮಾಡಿ.

ನಾವು ಬೆಳೆದ ಟೊಮೇಟೊ ಕೋಲಾರದ ಮಂಡಿಗೆ ಹೋಗುವುದು ಯಾವುದರಲ್ಲಿ? ಪಿಕಪ್ಪಿನಲ್ಲಿ. ಶ್ರೀನಿವಾಸಪುರದ ಮಾವಿನ ಹಣ್ಣು ಹೋಗುವುದು ಯಾವುದರಲ್ಲಿ? ಪಿಕಪ್ಪಿನಲ್ಲಿ. ರೇಷ್ಮೆ ಗೂಡು, ಹಸುವಿನ ಮೇವು, ಮದುವೆ ಮನೆಯ ಪಾತ್ರೆ, ಎಲ್ಲಕ್ಕೂ ಅದೇ ಗಾಡಿ. ಕೂಲಿಗೆ ಹೋಗುವ ಹೆಂಗಸರನ್ನೂ ಅದರ ಹಿಂದೆಯೇ ತುಂಬಿಸುತ್ತಾರೆ.

ಹಾಗೆ ತುಂಬಿಸುವುದು ತಪ್ಪು. ಸರಕಿನ ಗಾಡಿ ಇರುವುದು ಸರಕಿಗೆ. ಅದರ ಹಿಂದೆ ಜನರನ್ನು ಕೂಡಿಸಬಾರದು. 2024ರ ಮೇ 20ರಂದು ಛತ್ತೀಸಗಢದ ಕಬೀರಧಾಮ ಜಿಲ್ಲೆಯಲ್ಲಿ ಒಂದು ಪಿಕಪ್ ಗಾಡಿ ಹಳ್ಳಕ್ಕೆ ಉರುಳಿತು. ಅದರಲ್ಲಿ ಇದ್ದವರು ಕಾಡಿನಲ್ಲಿ ಬೀಡಿ ಎಲೆ ಕೊಯ್ದು ಮನೆಗೆ ಹೊರಟಿದ್ದ ಕೂಲಿ ಜನ. 19 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು. ನಮ್ಮ ಹಾಗೆ ಬೆಳಗ್ಗೆ ಎದ್ದು ಬುತ್ತಿ ಕಟ್ಟಿಕೊಂಡು ಹೋದವರು.

ಈಗ ಹೇಳಿ. ಗಾಡಿಯ ಮಾತು ನಮ್ಮ ಮಾತು ಅಲ್ಲವೇ? ಹೊತ್ತ ಹೊರೆ ನಮ್ಮದು. ಸಾಲದ ಕಂತು ನಮ್ಮದು. ಓಡಿಸುವವರು ನಮ್ಮ ಮಗ, ನಮ್ಮ ಗಂಡ, ಈಗೀಗ ನಮ್ಮ ಅಕ್ಕ ತಂಗಿಯರು ಕೂಡ. ಹಾಗಾಗಿ ಬ್ರೇಕಿನ ಮಾತು ನಮಗೂ ಬೇಕು.

ಬ್ರೇಕು ಹೇಗೆ ಕೆಲಸ ಮಾಡುತ್ತದೆ?

ಡ್ರೈವರ್ ಕಾಲಿನ ಹತ್ತಿರ ಮೂರು ಪೆಡಲ್ ಇರುತ್ತವೆ. ಎಡಗಡೆ ಕ್ಲಚ್. ನಡುವೆ ಬ್ರೇಕು. ಬಲಗಡೆ ಆಕ್ಸಿಲೇಟರ್. ನಡುವಿನ ಪೆಡಲ್ ಒತ್ತಿದರೆ ನಾಲ್ಕು ಚಕ್ರಕ್ಕೂ ಬ್ರೇಕು ಹಿಡಿಯುತ್ತದೆ.

ಕಾಲು ಇರುವುದು ಒಂದು ಕಡೆ. ಚಕ್ರ ಇರುವುದು ಇನ್ನೊಂದು ಕಡೆ. ಕಾಲಿನ ಬಲ ಚಕ್ರಕ್ಕೆ ಹೇಗೆ ಹೋಗುತ್ತದೆ? ಎಣ್ಣೆಯ ಮೂಲಕ ಹೋಗುತ್ತದೆ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಸಿರಿಂಜ್ ನೋಡಿದ್ದೀರಿ. ಎರಡು ಸಿರಿಂಜಿಗೆ ನೀರು ತುಂಬಿ. ನಡುವೆ ಒಂದು ಸಣ್ಣ ಪೈಪು ಜೋಡಿಸಿ. ಈ ಕಡೆ ಒತ್ತಿದರೆ ಆ ಕಡೆಯದು ಹೊರಗೆ ಬರುತ್ತದೆ. ಬ್ರೇಕಿನ ಲೆಕ್ಕವೂ ಇದೇ. ಕಾಲಿನ ಕಡೆ ಒಂದು ಸಿರಿಂಜ್ ಇದೆ ಅಂದುಕೊಳ್ಳಿ. ಅದನ್ನು ಮಾಸ್ಟರ್ ಸಿಲಿಂಡರ್ ಅಂತಾರೆ. ಪ್ರತಿ ಚಕ್ರದ ಹತ್ತಿರವೂ ಒಂದೊಂದು ಸಿರಿಂಜ್ ಇದೆ. ನಡುವೆ ಸಣ್ಣ ಪೈಪು. ಪೈಪಿನ ತುಂಬ ಬ್ರೇಕ್ ಎಣ್ಣೆ.

ಪೆಡಲ್ ಒತ್ತಿದಾಗ ಎಣ್ಣೆ ಚಕ್ರದ ಕಡೆ ಒತ್ತುತ್ತದೆ. ಅಲ್ಲಿ ಬ್ರೇಕಿನ ಪಟ್ಟಿಗಳು ಚಕ್ರದ ಜೊತೆ ತಿರುಗುವ ಕಬ್ಬಿಣವನ್ನು ಉಜ್ಜಿ ಹಿಡಿಯುತ್ತವೆ. ಚಕ್ರ ನಿಲ್ಲುತ್ತದೆ. ಸಾಮಾನ್ಯವಾಗಿ ಪಿಕಪ್ಪಿನ ಮುಂದಿನ ಚಕ್ರಕ್ಕೆ ತಟ್ಟೆಯ ಬ್ರೇಕು ಇರುತ್ತದೆ. ಇದನ್ನು ಡಿಸ್ಕ್ ಅಂತಾರೆ. ಹಿಂದಿನ ಚಕ್ರಕ್ಕೆ ಬುಟ್ಟಿಯ ಹಾಗಿರುವ ಡ್ರಮ್ ಬ್ರೇಕು.

ಕಾಲಿಗೆ ಸಹಾಯ ಮಾಡುವ ಡಬ್ಬಿ

ಎರಡು ಟನ್ನು, ಮೂರು ಟನ್ನು ತೂಗುವ ಗಾಡಿಯನ್ನು ಒಬ್ಬರ ಕಾಲು ನಿಲ್ಲಿಸಬಲ್ಲದೇ? ಕಷ್ಟ. ಅದಕ್ಕೇ ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಒಂದು ಡಬ್ಬಿ ಇಟ್ಟಿದ್ದಾರೆ. ದುಂಡಗೆ, ಕಪ್ಪಗೆ, ಮುಚ್ಚಿದ ತಪ್ಪಲೆಯ ಹಾಗೆ ಇರುತ್ತದೆ. ಅದರ ಹೆಸರು ಬೂಸ್ಟರ್. ಅಂದರೆ ಬಲ ಕೊಡುವುದು.

ಬೂಸ್ಟರ್ ಹೇಗೆ ಬಲ ಕೊಡುತ್ತದೆ? ಮನೆಗೆ ಹೋಗಿ ಒಂದು ಆಟ ಆಡಿ. ಖಾಲಿ ಪ್ಲಾಸ್ಟಿಕ್ ಬಾಟಲಿಯ ಬಾಯಿಗೆ ಬಾಯಿ ಹಚ್ಚಿ ಗಾಳಿ ಎಳೆಯಿರಿ. ಬಾಟಲಿ ಒಳಗೆ ಕುಸಿಯುತ್ತದೆ. ಬಾಟಲಿಯನ್ನು ಯಾರು ಒತ್ತಿದರು? ಹೊರಗಿನ ಗಾಳಿ ಒತ್ತಿತು. ಗಾಳಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದಕ್ಕೂ ಬಲ ಇದೆ. ಉಗುರಿನಷ್ಟು ಜಾಗದ ಮೇಲೆ, ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ, ಸುಮಾರು ಒಂದು ಕಿಲೋ ಬಲ.

ಬೂಸ್ಟರ್ ಡಬ್ಬಿಯ ನಡುವೆ ಒಂದು ರಬ್ಬರ್ ಪರದೆ ಇದೆ. ಇಂಜಿನ್ ಓಡುವಾಗ ಡಬ್ಬಿಯ ಒಳಗಿನ ಗಾಳಿಯನ್ನು ಒಂದು ಪೈಪು ಎಳೆದುಕೊಳ್ಳುತ್ತದೆ. ಒಳಗೆ ಗಾಳಿ ಕಡಿಮೆಯಾಗುತ್ತದೆ. ಪುಸ್ತಕದಲ್ಲಿ ಇದನ್ನು ನಿರ್ವಾತ ಅಂತ ಬರೆಯುತ್ತಾರೆ. ಗ್ಯಾರೇಜಿನಲ್ಲಿ ವ್ಯಾಕ್ಯೂಮ್ ಅಂತಾರೆ. ನಾವು ಪೆಡಲ್ ಒತ್ತಿದ ಕೂಡಲೇ ಪರದೆಯ ಒಂದು ಕಡೆಗೆ ಹೊರಗಿನ ಗಾಳಿ ನುಗ್ಗುತ್ತದೆ. ಇನ್ನೊಂದು ಕಡೆ ಗಾಳಿ ಇಲ್ಲ. ಪರದೆ ಮುಂದಕ್ಕೆ ಹೋಗುತ್ತದೆ. ನಮ್ಮ ಕಾಲಿನ ಜೊತೆ ಗಾಳಿಯೂ ಸೇರಿ ತಳ್ಳುತ್ತದೆ.

ಎಷ್ಟು ಬಲ ಗೊತ್ತೇ? 20 ಸೆಂಟಿಮೀಟರ್ ಅಗಲದ ಪರದೆ ಅಂದುಕೊಳ್ಳಿ. ಒಂದು ಸಣ್ಣ ಊಟದ ತಟ್ಟೆಯಷ್ಟು. ಅದರ ಮೇಲೆ ಬೀಳುವ ಬಲ ಸುಮಾರು 200 ಕಿಲೋ. ಅಂದರೆ 50 ಕಿಲೋದ ನಾಲ್ಕು ಅಕ್ಕಿ ಮೂಟೆ!

ಈ ನಾಲ್ಕು ಮೂಟೆಯ ಸಹಾಯ ನಿಂತರೆ ಏನಾಗುತ್ತದೆ? ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಎಷ್ಟು ತುಳಿದರೂ ಗಾಡಿ ಬೇಗ ನಿಲ್ಲುವುದಿಲ್ಲ.

ಗಾಳಿ ಎಳೆಯುವವರು ಯಾರು?

ಪೆಟ್ರೋಲ್ ಗಾಡಿಯಲ್ಲಿ ಇಂಜಿನ್ನೇ ಗಾಳಿ ಎಳೆಯುತ್ತದೆ. ಡೀಸೆಲ್ ಗಾಡಿಯಲ್ಲಿ ಹಾಗಲ್ಲ. ಅದಕ್ಕೆ ಬೇರೆ ಒಂದು ಪಂಪು ಬೇಕು. ಅದನ್ನು ವ್ಯಾಕ್ಯೂಮ್ ಪಂಪು ಅಂತಾರೆ. ನಮ್ಮ ಕಡೆ ಓಡುವ ಎಷ್ಟೋ ಡೀಸೆಲ್ ಪಿಕಪ್ಪುಗಳಲ್ಲಿ ಈ ಪಂಪು ಆಲ್ಟರ್ನೇಟರಿನ ಬೆನ್ನಿಗೆ ಇರುತ್ತದೆ. ಆಲ್ಟರ್ನೇಟರ್ ಅಂದರೆ ಬ್ಯಾಟರಿಗೆ ಕರೆಂಟು ತುಂಬುವ ಯಂತ್ರ. ಡ್ರೈವರುಗಳು ಅದನ್ನು ಡೈನಮೋ ಅಂತಲೂ ಕರೆಯುತ್ತಾರೆ. ಬೆಲ್ಟು ತಿರುಗಿದರೆ ಅದು ತಿರುಗುತ್ತದೆ. ಅದು ತಿರುಗಿದರೆ ಪಂಪು ತಿರುಗುತ್ತದೆ.

ಇದರಿಂದ ಒಂದು ಗುಟ್ಟು ತಿಳಿಯುತ್ತದೆ. ಅಂಥ ಗಾಡಿಯಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು, ಜೊತೆಗೆ ಬ್ರೇಕೂ ಗಟ್ಟಿಯಾಯಿತು ಅಂದರೆ ಬೆಲ್ಟು ಹರಿದಿರಬಹುದು, ಇಲ್ಲವೇ ಸಡಿಲವಾಗಿರಬಹುದು. ಆ ಕೆಂಪು ದೀಪವನ್ನು "ಇರಲಿ ಬಿಡು, ಊರಿಗೆ ಹೋಗಿ ನೋಡೋಣ" ಅಂತ ಬಿಡಬೇಡಿ.

ದೊಡ್ಡ ಲಾರಿ, ಬಸ್ಸಿನ ಮಾತು ಬೇರೆ. ಅವಕ್ಕೆ ಗಾಳಿಯಿಂದಲೇ ನಡೆಯುವ ಬ್ರೇಕು ಇರುತ್ತದೆ. ನಾವು ಹೇಳುತ್ತಿರುವುದು ಸಣ್ಣ ಪಿಕಪ್ಪಿಗೆ ಮಾತ್ರ.

ಗಟ್ಟಿ ಬೇರೆ, ಮೆತ್ತಗೆ ಬೇರೆ

ಮಗುವಿಗೆ ಜ್ವರವೋ ಭೇದಿಯೋ ಅಂತ ಮೊದಲು ನೋಡುತ್ತೇವೆ. ಆಮೇಲೆ ಔಷಧ ಕೊಡುತ್ತೇವೆ. ಬ್ರೇಕಿಗೂ ಹಾಗೇ.

ಪೆಡಲ್ ಮೆತ್ತಗಾಗಿ, ಹಿಟ್ಟಿನ ಮುದ್ದೆ ಒತ್ತಿದ ಹಾಗೆ ಕೆಳಗೆ ಹೋಗುತ್ತದೆಯೇ? ಆಗ ಎಣ್ಣೆ ಸೋರುತ್ತಿರಬಹುದು. ಇಲ್ಲವೇ ಎಣ್ಣೆಯ ಪೈಪಿನಲ್ಲಿ ಗಾಳಿ ಸೇರಿರಬಹುದು.

ಪೆಡಲ್ ಗಟ್ಟಿಯಾಗಿ, ಮೇಲೆಯೇ ನಿಲ್ಲುತ್ತದೆಯೇ? ಆಗ ಬೂಸ್ಟರಿನ ಸಹಾಯ ನಿಂತಿರಬಹುದು. ಇಲ್ಲವೇ ಚಕ್ರದ ಹತ್ತಿರ ಏನೋ ಬಿಗಿದಿರಬಹುದು.

ಎರಡೂ ಅಪಾಯವೇ. ಆದರೆ ಮದ್ದು ಬೇರೆ ಬೇರೆ. ಗಟ್ಟಿ ಬ್ರೇಕಿಗೆ ಎಣ್ಣೆ ಸುರಿದರೆ ವಾಸಿಯಾಗುವುದಿಲ್ಲ.

ನಾವೇ ಮಾಡಬಹುದಾದ ಮೂರು ಪರೀಕ್ಷೆ

ಇದಕ್ಕೆ ಹತಾರ ಬೇಡ. ಗಾಡಿ ಓಡಿಸಲು ಬರುವವರೊಬ್ಬರು ಸೀಟಿನಲ್ಲಿ ಕೂತರೆ ಸಾಕು. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ. ಬಯಲಿನಲ್ಲಿ ನಿಲ್ಲಿಸಿ, ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ತುಂಬುತ್ತದೆ. ಗೇರು ತೆಗೆದು ನ್ಯೂಟ್ರಲ್ ಮಾಡಿ. ಹ್ಯಾಂಡ್ ಬ್ರೇಕು ಎಳೆಯಿರಿ. ಚಕ್ರದ ಮುಂದೆ, ಹಿಂದೆ ದಪ್ಪ ಕಲ್ಲು ಇಡಿ. ಮಕ್ಕಳನ್ನು ದೂರ ಕಳಿಸಿ.

ಮೊದಲ ಪರೀಕ್ಷೆ. ಇಂಜಿನ್ ಆಫ್ ಇರಲಿ. ಬ್ರೇಕ್ ಪೆಡಲನ್ನು ಐದಾರು ಸಲ ಒತ್ತಿ ಬಿಡಿ. ಪೆಡಲ್ ಗಟ್ಟಿಯಾಗುತ್ತದೆ. ಹೆದರಬೇಡಿ, ಅದು ಸರಿ. ಡಬ್ಬಿಯಲ್ಲಿ ಉಳಿದಿದ್ದ ಬಲ ಖಾಲಿಯಾಯಿತು, ಅಷ್ಟೇ. ಈಗ ಪೆಡಲ್ ಮೇಲೆ ಕಾಲು ಒತ್ತಿಯೇ ಇಡಿ. ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿಯೇ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿದರೆ ಬೂಸ್ಟರಿಗೆ ಬಲ ಬರುತ್ತಿದೆ. ಇಳಿಯದಿದ್ದರೆ ಬಲ ಬರುತ್ತಿಲ್ಲ.

ಎರಡನೆಯ ಪರೀಕ್ಷೆ. ಇಂಜಿನ್ ಒಂದೆರಡು ನಿಮಿಷ ಓಡಲಿ. ಆಮೇಲೆ ಆಫ್ ಮಾಡಿ. ಈಗ ನಿಧಾನವಾಗಿ ಪೆಡಲ್ ಒತ್ತಿ. ಮೊದಲ ಸಲ ಚೆನ್ನಾಗಿ ಕೆಳಗೆ ಹೋಗಬೇಕು. ಎರಡನೆಯ ಸಲ ಅದಕ್ಕಿಂತ ಕಡಿಮೆ. ಮೂರನೆಯ ಸಲ ಇನ್ನೂ ಕಡಿಮೆ. ಹೀಗಾದರೆ ಡಬ್ಬಿ ಬಲವನ್ನು ಹಿಡಿದು ಇಟ್ಟುಕೊಂಡಿದೆ. ಮೊದಲ ಸಲವೇ ಕಲ್ಲಿನ ಹಾಗೆ ಇದ್ದರೆ ಒಂದೋ ಬಲ ಬಂದೇ ಇಲ್ಲ, ಇಲ್ಲವೇ ಬಂದದ್ದು ಎಲ್ಲಿಂದಲೋ ಸೋರಿ ಹೋಗಿದೆ.

ಮೂರನೆಯ ಪರೀಕ್ಷೆ. ಇಂಜಿನ್ ಓಡುತ್ತಿರಲಿ. ಪೆಡಲ್ ಒತ್ತಿ ಹಿಡಿಯಿರಿ. ಹಿಡಿದಂತೆಯೇ ಇಂಜಿನ್ ಆಫ್ ಮಾಡಿ. ಕಾಲು ತೆಗೆಯದೆ ಮೂವತ್ತರವರೆಗೆ ಎಣಿಸಿ. ಪೆಡಲ್ ಇದ್ದಲ್ಲೇ ಇರಬೇಕು. ಅದು ಕಾಲನ್ನು ಮೇಲಕ್ಕೆ ತಳ್ಳಿದರೆ ಬೂಸ್ಟರ್ ಸೋರುತ್ತಿದೆ. ಅದು ಮೆಲ್ಲಗೆ ಕೆಳಗೆ ಮುಳುಗಿದರೆ ಎಣ್ಣೆಯ ಕಡೆ ದೋಷ ಇದೆ.

ನೋಡಿದಿರಾ? ಮೂರು ಪರೀಕ್ಷೆಗೆ ಹತ್ತು ನಿಮಿಷ ಬೇಕು. ಖರ್ಚು ಏನೂ ಇಲ್ಲ.

ನಮ್ಮ ಗಾಡಿಗೆ ಆದದ್ದು

ನಮ್ಮ ಸಂಘದಲ್ಲಿ ಒಂದು ಹಳೆಯ ಡೀಸೆಲ್ ಪಿಕಪ್ ಇದೆ. ಸಾಲ ಮಾಡಿ ಕೊಂಡದ್ದು. ತರಕಾರಿ ಮಂಡಿಗೆ ಹೋಗುತ್ತದೆ. ಅದನ್ನು ಓಡಿಸುವವಳು ನಮ್ಮಲ್ಲೇ ಒಬ್ಬ ಅಕ್ಕ. ಲೈಸೆನ್ಸ್ ಇದೆ, ಕೈ ಪಳಗಿದೆ.

ಒಂದು ದಿನ ಆಕೆ ಬಂದು "ಬ್ರೇಕು ಬಿಗಿಯಾಗ್ತಿದೆ ಕಣ್ರೇ" ಅಂದಳು. ಗ್ಯಾರೇಜಿಗೆ ಹೋದೆವು. ಅಲ್ಲಿದ್ದವನು ಗಾಡಿ ಮುಟ್ಟಲೂ ಇಲ್ಲ. "ಬ್ರೇಕು ಸರಿಯಾಗೇ ಇದೆ. ಹೆಂಗಸರ ಕಾಲಿಗೆ ಅಷ್ಟು ಬಲ ಎಲ್ಲಿಂದ ಬರ್ಬೇಕು?" ಅಂತ ನಕ್ಕ.

ನಮ್ಮ ಅಕ್ಕ ಜಗಳ ಆಡಲಿಲ್ಲ. "ಬನ್ನಿ, ನೀವೇ ಕೂತು ನೋಡಿ" ಅಂದಳು. ಮೊದಲ ಪರೀಕ್ಷೆ ಮಾಡಿಸಿದಳು. ಅವನು ಪೆಡಲ್ ಮೇಲೆ ಕಾಲಿಟ್ಟ. ಇಂಜಿನ್ ಸ್ಟಾರ್ಟ್ ಮಾಡಿದ. ಪೆಡಲ್ ಒಂದು ಕೂದಲಷ್ಟೂ ಇಳಿಯಲಿಲ್ಲ. ಅವನ ನಗು ನಿಂತಿತು.

"ಹಾಗಾದ್ರೆ ಬೂಸ್ಟರ್ ಹೋಗಿದೆ. ಹೊಸದು ಹಾಕ್ಬೇಕು" ಅಂದ. ಬೂಸ್ಟರ್ ಅಂದರೆ ದುಬಾರಿ ಸಾಮಾನು. ಅಕ್ಕ ಕೇಳಿದಳು: "ಪೈಪು ನೋಡಿದ್ರಾ? ಪಂಪು ನೋಡಿದ್ರಾ?" ಆಗ ಅವನು ಇಂಜಿನ್ ನಿಲ್ಲಿಸಿ ಬೂಸ್ಟರಿಗೆ ಹೋಗುವ ಪೈಪು ಬಿಚ್ಚಿದ. ಇಂಜಿನ್ ಮತ್ತೆ ಓಡಿಸಿ ಪೈಪಿನ ಬಾಯಿಗೆ ಹೆಬ್ಬೆರಳು ಇಟ್ಟ. ಬಲವಾಗಿ ಎಳೆಯಬೇಕಿತ್ತು. ಎಳೆಯಲೇ ಇಲ್ಲ. ಪಂಪಿನ ಬಾಯಿಗೇ ಬೆರಳು ಇಟ್ಟು ನೋಡಿದ. ಅಲ್ಲಿ ಚೆನ್ನಾಗಿ ಎಳೆಯುತ್ತಿತ್ತು.

ಅಂದರೆ ಪಂಪು ಸರಿ ಇದೆ. ದೋಷ ಇರುವುದು ನಡುವಿನ ಪೈಪಿನಲ್ಲಿ. ಪೈಪನ್ನು ಕತ್ತರಿಸಿ ನೋಡಿದರೆ ಒಳಗಿನ ರಬ್ಬರ್ ಎಣ್ಣೆ ಕುಡಿದು ಉಬ್ಬಿತ್ತು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಪಂಪು ಗಾಳಿ ಎಳೆದ ಕೂಡಲೇ ಒಳಗಿನ ಪದರ ಮುಚ್ಚಿಕೊಳ್ಳುತ್ತಿತ್ತು. ಹೊಸ ಪೈಪು ಹಾಕಿದ ಮೇಲೆ ಮತ್ತೆ ಪರೀಕ್ಷೆ ಮಾಡಿದೆವು. ಪೆಡಲ್ ಮೆಲ್ಲಗೆ ಇಳಿಯಿತು. ಬೂಸ್ಟರ್ ಬದಲಿಸುವ ಹಣ ಉಳಿಯಿತು.

ಕಾಲಿನ ಬಲದ ಮಾತು ಬಂತಲ್ಲ, ಅದಕ್ಕೂ ಒಂದು ಉತ್ತರ ಹೇಳಿಬಿಡೋಣ. ಕಳೆದು ಹೋಗಿದ್ದದ್ದು ನಾಲ್ಕು ಅಕ್ಕಿ ಮೂಟೆಯ ಬಲ. ಅದನ್ನು ತುಂಬಿಕೊಡುವ ಕಾಲು ಯಾವ ಗಂಡಸಿಗೂ ಇಲ್ಲ, ಯಾವ ಹೆಂಗಸಿಗೂ ಇಲ್ಲ. ಬಲ ಕಡಿಮೆಯಾದದ್ದು ಗಾಡಿಯಲ್ಲಿ, ಅಕ್ಕನ ಕಾಲಿನಲ್ಲಿ ಅಲ್ಲ.

ಕಡಿಮೆ ಖರ್ಚಿನದು ಮೊದಲು ನೋಡಿ

ಬೂಸ್ಟರಿಗೆ ಬಲ ಬರುತ್ತಿಲ್ಲ ಅಂತ ಗೊತ್ತಾಯಿತು. ಎಲ್ಲಿ ಹುಡುಕಬೇಕು? ಈ ಸಾಲು ನೆನಪಿಡಿ: ಬೆಲ್ಟು, ಪೈಪು, ವಾಲ್ವು, ಪಂಪು, ಕೊನೆಗೆ ಬೂಸ್ಟರ್.

ಬೆಲ್ಟು: ಇಂಜಿನ್ ನಿಲ್ಲಿಸಿ ನೋಡಿ. ಸಡಿಲವೇ? ಬಿರುಕು ಬಿಟ್ಟಿದೆಯೇ? ಇಂಜಿನ್ ಓಡುವಾಗ ಕೈ ಹಾಕಬಾರದು. ಸೀರೆ ಸೆರಗು, ದುಪಟ್ಟ, ಜಡೆ ಬಿಗಿಯಾಗಿ ಕಟ್ಟಿಕೊಳ್ಳಿ.

ಪೈಪು: ಬಿರುಕು ಬಿಟ್ಟಿದೆಯೇ? ಮಡಚಿಕೊಂಡಿದೆಯೇ? ತುದಿಯ ಕ್ಲಿಪ್ ಸಡಿಲವೇ? ಇಂಜಿನ್ ಓಡುವಾಗ ಹಾವು ಬುಸುಗುಟ್ಟಿದ ಹಾಗೆ ಸದ್ದು ಬರುತ್ತಿದೆಯೇ? ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ಹೊಸ ಪೈಪು ಹಾಕುವಾಗ ಬ್ರೇಕಿನ ವ್ಯಾಕ್ಯೂಮ್ ಪೈಪೇ ಹಾಕಿಸಿ. ನೀರಿನ ಪೈಪು, ಗ್ಯಾಸಿನ ಪೈಪು ಕತ್ತರಿಸಿ ಹಾಕಬಾರದು. ಅದು ಒಳಗೆ ಕುಸಿದು ಮುಚ್ಚಿಕೊಳ್ಳುತ್ತದೆ.

ವಾಲ್ವು: ಪೈಪಿನ ದಾರಿಯಲ್ಲಿ ಒಂದು ಸಣ್ಣ ವಾಲ್ವು ಇರುತ್ತದೆ. ಗಾಳಿ ಒಂದೇ ಕಡೆ ಹೋಗಬೇಕು, ತಿರುಗಿ ಬರಬಾರದು. ಬಿಚ್ಚಿ ಊದಿ ನೋಡಿದರೆ ಗೊತ್ತಾಗುತ್ತದೆ. ಒಂದು ಕಡೆಯಿಂದ ಊದಿದರೆ ಗಾಳಿ ಹೋಗಬೇಕು. ಇನ್ನೊಂದು ಕಡೆಯಿಂದ ಊದಿದರೆ ಹೋಗಬಾರದು. ಎರಡೂ ಕಡೆ ಹೋದರೆ ಬದಲಿಸಬೇಕು.

ಪಂಪು: ಗ್ಯಾರೇಜಿನಲ್ಲಿ ಗಾಳಿಯ ಎಳೆತ ಅಳೆಯುವ ಮೀಟರ್ ಇರುತ್ತದೆ. ಅದನ್ನು ಹಚ್ಚಿ ನೋಡಲು ಹೇಳಿ. ಪಂಪಿಗೆ ಇಂಜಿನ್ನಿನಿಂದ ಎಣ್ಣೆ ಬರುವ ಪೈಪು ಕಟ್ಟಿದೆಯೇ ಅಂತಲೂ ನೋಡಿಸಿ.

ಬೂಸ್ಟರ್: ಮೇಲಿನದೆಲ್ಲ ಸರಿ ಇದ್ದು, ಆದರೂ ಪರೀಕ್ಷೆಯಲ್ಲಿ ಸೋತರೆ ಆಗ ಬೂಸ್ಟರ್ ಬದಲಿಸಬೇಕು. ಇದು ಮನೆಯ ಕೆಲಸ ಅಲ್ಲ, ತಿಳಿದ ಮೆಕ್ಯಾನಿಕ್ ಮಾಡಬೇಕು. ಬದಲಿಸಿದ ಮೇಲೆ ಒಳಗಿನ ಕಡ್ಡಿಯ ಅಳತೆ ಸರಿ ಇದೆಯೇ ಅಂತ ನೋಡಿಸಿ. ಎಣ್ಣೆ ಪೈಪು ಬಿಚ್ಚಿದ್ದರೆ ಅದರಲ್ಲಿ ಸೇರಿದ ಗಾಳಿ ತೆಗೆಸಿ.

ಬೂಸ್ಟರ್ ಸರಿ ಇದ್ದೂ ಗಟ್ಟಿಯೇ?

ಆಗ ಪೆಡಲಿನ ಬುಡ ನೋಡಿ. ಕೀಲು ತುಕ್ಕು ಹಿಡಿದಿರಬಹುದು. ಕೆಳಗೆ ಚಾಪೆ, ಬಾಟಲಿ ಸಿಕ್ಕಿಕೊಂಡಿರಬಹುದು.

ಆಮೇಲೆ ಚಕ್ರದ ಕಡೆ ನೋಡಿಸಿ. ಕೆಸರು, ನೀರು ಸೇರಿ ಬ್ರೇಕಿನ ಭಾಗಗಳು ತುಕ್ಕು ಹಿಡಿಯುತ್ತವೆ. ಆಗ ಎಣ್ಣೆ ತಳ್ಳಿದರೂ ಅವು ಜರುಗುವುದಿಲ್ಲ. ಒಂದು ಗುರುತು ಇದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ. ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಸುಡಬಹುದು. ಒಂದೇ ಚಕ್ರ ಬಹಳ ಬಿಸಿ ಇದ್ದರೆ ಅಲ್ಲಿ ಬ್ರೇಕು ಸಿಕ್ಕಿಕೊಂಡಿದೆ. ಬ್ರೇಕು ಹಾಕಿದಾಗ ಗಾಡಿ ಒಂದೇ ಕಡೆಗೆ ಎಳೆದರೂ ಇದೇ ಅನುಮಾನ. ಚಕ್ರಕ್ಕೆ ಹೋಗುವ ರಬ್ಬರ್ ಪೈಪು ಒಳಗೆ ಉಬ್ಬಿ ಕಟ್ಟಿದರೂ ಹೀಗಾಗುತ್ತದೆ.

ಬ್ರೇಕಿನ ಪಟ್ಟಿ ಸುಟ್ಟು ಗಾಜಿನ ಹಾಗೆ ನುಣುಪಾಗಿದ್ದರೆ ಪೆಡಲ್ ಗಟ್ಟಿ ಅನಿಸುತ್ತದೆ, ಗಾಡಿ ನಿಲ್ಲುವುದಿಲ್ಲ. ಅಂಥ ಪಟ್ಟಿ ಬದಲಿಸಬೇಕು.

ಬ್ರೇಕ್ ಎಣ್ಣೆಯ ಬಗ್ಗೆ ಒಂದು ಮಾತು. ಅದರ ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರುತ್ತದೆ. ನಮ್ಮ ಗಾಡಿಗೆ ಯಾವುದು ಅಂತ ಎಣ್ಣೆ ತುಂಬುವ ಡಬ್ಬಿಯ ಮುಚ್ಚಳದ ಮೇಲೆ ಇರುತ್ತದೆ. ಓದಿ, ಅದನ್ನೇ ಹಾಕಿ. ಇಂಜಿನ್ ಆಯಿಲ್, ಸೀಮೆ ಎಣ್ಣೆ ಒಂದು ತೊಟ್ಟು ಕೂಡ ಹಾಕಬಾರದು. ಹಾಕಿದರೆ ಒಳಗಿನ ರಬ್ಬರ್ ಎಲ್ಲ ಉಬ್ಬಿ ಬ್ರೇಕು ಕಚ್ಚಿಕೊಳ್ಳುತ್ತದೆ. ಬ್ರೇಕ್ ಎಣ್ಣೆ ವಿಷ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಖಾಲಿ ಡಬ್ಬಿಯಲ್ಲಿ ಅಡುಗೆ ಎಣ್ಣೆ ತರಬೇಡಿ.

ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ದಯವಿಟ್ಟು ಗಮನ ಇಟ್ಟು ಕೇಳಿ.

ಕೆಲವರು ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುತ್ತಾರೆ. ಗಾಡಿ ತಾನಾಗಿಯೇ ಉರುಳುತ್ತದೆ. ಆದರೆ ಇಂಜಿನ್ ನಿಂತರೆ ಬೂಸ್ಟರಿಗೆ ಹೊಸ ಬಲ ಬರುವುದಿಲ್ಲ. ಎರಡು ಮೂರು ಸಲ ಬ್ರೇಕು ಒತ್ತಿದರೆ ಉಳಿದ ಬಲವೂ ಮುಗಿಯಿತು. ನಾಲ್ಕನೆಯ ಸಲ ಪೆಡಲ್ ಕಲ್ಲು! ನಾವು ಮನೆ ಮುಂದೆ ಪರೀಕ್ಷೆಗೆ ಮಾಡಿದ್ದು ಇದನ್ನೇ. ಘಾಟಿಯಲ್ಲಿ ಅದೇ ಆದರೆ ಗತಿ ಏನು? ಪವರ್ ಸ್ಟಿಯರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಕೀಲಿ ಹೊರಗೆ ತೆಗೆದರೆ ಸ್ಟಿಯರಿಂಗ್ ಬೀಗ ಬೀಳಬಹುದು.

ಗಂಟೆಗೆ 40 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ. ಕಣ್ಣು ಮಿಟುಕಿಸಿ ತೆಗೆದು "ಅಯ್ಯೋ" ಅನ್ನುವುದರೊಳಗೆ ಒಂದು ಮನೆಯಷ್ಟು ದೂರ. ಉಳಿಸುವ ಡೀಸೆಲ್ ಎಷ್ಟು? ಕಳೆಯುವ ಜೀವ ಎಷ್ಟು? ನೀವೇ ಲೆಕ್ಕ ಹಾಕಿ.

ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಇಂಜಿನ್ ಓಡುತ್ತಿರಬೇಕು. ಗಾಡಿ ಗೇರಿನಲ್ಲಿ ಇರಬೇಕು. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಆಗ ಇಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ. ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಇಳಿದರೆ ಬ್ರೇಕು ಕಾದು ಸುಟ್ಟ ವಾಸನೆ ಬರುತ್ತದೆ. ಹಿಡಿತ ತಪ್ಪುತ್ತದೆ. ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ. ಆರಲು ಬಿಡಿ. ಕಾದ ಚಕ್ರಕ್ಕೆ ನೀರು ಸುರಿಯಬೇಡಿ, ಕಬ್ಬಿಣ ಬಿರುಕು ಬಿಡಬಹುದು.

ದಾರಿಯಲ್ಲೇ ಗಟ್ಟಿಯಾದರೆ?

ಮೊದಲು, ಇಂಜಿನ್ ಆಫ್ ಮಾಡಬೇಡಿ.

ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಡಿ. ಇದ್ದ ಬಲವೂ ಖಾಲಿಯಾಗುತ್ತದೆ. ಬೇಕಾದರೆ ಎರಡೂ ಕಾಲು ಇಟ್ಟು ಒಂದೇ ಸಮನೆ ಒತ್ತಿ ಹಿಡಿಯಿರಿ. ಕಷ್ಟವಾದರೂ ಬ್ರೇಕು ಸ್ವಲ್ಪ ಹಿಡಿಯುತ್ತದೆ.

ಒಂದೊಂದೇ ಗೇರು ಇಳಿಸಿ. ಹ್ಯಾಂಡ್ ಬ್ರೇಕನ್ನು ಮೆಲ್ಲಮೆಲ್ಲಗೆ ಎಳೆಯಿರಿ. ಒಮ್ಮೆಲೇ ಎಳೆದರೆ ಗಾಡಿ ಜಾರುತ್ತದೆ. ಹಾರ್ನ್ ಹೊಡೆಯಿರಿ, ದೀಪ ಮಿಣುಕಿಸಿ. ನಿಂತ ಮೇಲೆ ಚಕ್ರಕ್ಕೆ ಕಲ್ಲು ಕೊಡಿ.

ಆಮೇಲೆ ಆ ಗಾಡಿಯನ್ನು ಓಡಿಸಬೇಡಿ. "ನಿಧಾನ ಹೋದರೆ ಆಯ್ತು, ಟೊಮೇಟೊ ಕೆಡುತ್ತೆ" ಅಂತ ಯಾರಾದರೂ ಹೇಳಬಹುದು. ಟೊಮೇಟೊ ಮತ್ತೆ ಬೆಳೆಯಬಹುದು. ಇನ್ನೊಂದು ಗಾಡಿ ಕರೆಸಿ.

ಗಾಡಿಗೆ ಒಂದು ಪುಸ್ತಕ

ಈಗ ನಮ್ಮ ನಿಮ್ಮ ಕೈಗೆ ಅಕ್ಷರ ಬಂದಿದೆ. ಅದನ್ನು ಇಲ್ಲಿ ಬಳಸೋಣ. ನಮ್ಮ ಸಂಘದಲ್ಲಿ ಗಾಡಿಗೆ ಅಂತ ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ಹಾಲಿನ ಲೆಕ್ಕ ಬರೆಯುವ ಹಾಗೆ ಅದರಲ್ಲಿ ಬರೆಯುತ್ತೇವೆ. ತಾರೀಕು. ಮೀಟರಿನಲ್ಲಿ ಎಷ್ಟು ಕಿಲೋಮೀಟರ್. ಏನು ದೂರು. ಏನು ಬದಲಿಸಿದರು. ಎಷ್ಟು ಹಣ. ಬಿಲ್ಲನ್ನು ಅದೇ ಪುಟಕ್ಕೆ ಅಂಟಿಸುತ್ತೇವೆ.

ವಾರಕ್ಕೊಮ್ಮೆ ಬ್ರೇಕ್ ಎಣ್ಣೆಯ ಡಬ್ಬಿ ನೋಡುತ್ತೇವೆ. ಅದರ ಮೇಲೆ ಎರಡು ಗೆರೆ ಇದೆ. ಎಣ್ಣೆ ಎರಡು ಗೆರೆಯ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ಇಳಿದರೆ ಸುಮ್ಮನೆ ತುಂಬುವುದಲ್ಲ. ಎಲ್ಲಿ ಹೋಯಿತು ಅಂತ ಹುಡುಕಿಸಬೇಕು. ಪ್ರತಿ ದಿನ ಹೊರಡುವ ಮುಂಚೆ ಮೊದಲ ಪರೀಕ್ಷೆ ಮಾಡುತ್ತೇವೆ. ದೇವರಿಗೆ ಊದಿನಕಡ್ಡಿ ಹಚ್ಚುವಷ್ಟೇ ಹೊತ್ತು.

ಡ್ರೈವರ್ ಬಂದು "ಬ್ರೇಕು ಬಿಗಿ" ಅಂದರೆ ಆ ದಿನ ಗಾಡಿ ಹೊರಡುವುದಿಲ್ಲ. ಇದು ನಮ್ಮ ಸಂಘದ ಕಟ್ಟು. ಬಾಡಿಗೆ ಹೋಗಲಿ, ಪರವಾಗಿಲ್ಲ. ನಿಮ್ಮ ಸಂಘದಲ್ಲಿ ಗಾಡಿ ಇಲ್ಲದಿರಬಹುದು. ಬಾಡಿಗೆ ಗಾಡಿಗೆ ಸರಕು ಹಾಕುವಾಗ ನೀವೂ ಕೇಳಿ: "ಅಣ್ಣಾ, ಬ್ರೇಕು ಹೇಗಿದೆ? ಒಂದ್ಸಲ ಪರೀಕ್ಷೆ ಮಾಡಿ ತೋರ್ಸಿ." ಕೇಳುವುದಕ್ಕೆ ನಾಚಿಕೆ ಬೇಡ. ನಗುವವರು ನಗಲಿ.

ನೆನಪಿಡಿ

1. ಗಟ್ಟಿ ಬ್ರೇಕು ಕಾಲಿನ ದೋಷ ಅಲ್ಲ, ಗಾಡಿಯ ದೋಷ.

2. ಪೆಡಲ್ ಒತ್ತಿ ಹಿಡಿದು ಇಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಇಳಿಯಬೇಕು.

3. ಬೆಲ್ಟು, ಪೈಪು, ವಾಲ್ವು, ಪಂಪು, ಕೊನೆಗೆ ಬೂಸ್ಟರ್. ಈ ಸಾಲಿನಲ್ಲೇ ನೋಡಿಸಿ.

4. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಬೇಡಿ.

5. ಸರಕಿನ ಗಾಡಿಯ ಹಿಂದೆ ಕೂರಬೇಡಿ, ಮಕ್ಕಳನ್ನು ಕೂರಿಸಬೇಡಿ.

6. ಮಾಡಿದ ರಿಪೇರಿಯನ್ನು ಬರೆದಿಡಿ.

ಅಕ್ಕಂದಿರೇ, ನಮ್ಮ ಮಾತು ಇಷ್ಟು. ನಾಳೆ ಬೆಳಗ್ಗೆ ನಿಮ್ಮ ಊರಿನಲ್ಲಿ ಪಿಕಪ್ ಹೊರಡುತ್ತದೆಯಲ್ಲ, ಅದರ ಹತ್ತಿರ ಹೋಗಿ. ಈ ಪುಟ ತೆಗೆದು ಮೊದಲ ಪರೀಕ್ಷೆಯನ್ನು ಜೋರಾಗಿ ಓದಿ. ಡ್ರೈವರ್ ಹಾಗೆ ಮಾಡಲಿ. ಪೆಡಲ್ ಇಳಿಯಿತೋ ಇಲ್ಲವೋ, ಮುಂದಿನ ಕೂಟದಲ್ಲಿ ಬಂದು ನಮಗೆಲ್ಲ ಹೇಳಿ.